ಖಾಲಿ ತೋಟೆ ಯಾಕೆ ಹಾರುತ್ತಿಲ್ಲ?

ಆಗಸ್ಟ್ ಬಂತೆಂದರೆ ನಮ್ಮ ಪರೇಲ್‌ನಲ್ಲಿ ಎರಡೇ ಸದ್ದು. ಒಂದು ಮಳೆಯದ್ದು, ಇನ್ನೊಂದು ಕಾರ್ಖಾನೆಗಳಿಂದ ಹೊರಡುವ ಗಣಪತಿ ಮೂರ್ತಿಗಳ ಮುಂದೆ ಬಾರಿಸುವ ಢೋಲ್-ತಾಶಾದ್ದು. ಕಳೆದ ವರ್ಷ ಇದೇ ಹೊತ್ತಿನಲ್ಲಿ ಒಂದು ಭಾನುವಾರ ಹಿಂದ್‌ಮಾತಾದಲ್ಲಿ ನೀರು ನಿಂತು, ಎಲ್ಲಿಗೂ ಹೋಗುವಂತಿಲ್ಲದೆ ಮನೆಯಲ್ಲೇ ಕೂತಿದ್ದೆ. ಕೊಡಗಿನಿಂದ ಚಿಕ್ಕಪ್ಪನ ವಿಡಿಯೊ ಕಾಲ್ ಬಂತು. ಪರದೆಯಲ್ಲಿ ಮೊದಲು ಕಂಡದ್ದು ಅವರ ಮುಖವಲ್ಲ, ಮೇಜಿನ ಮೇಲೆ ಗೋಣಿತಾಟು ಹಾಸಿ ಮಲಗಿಸಿದ್ದ ನಮ್ಮ ಮನೆಯ ರೈಫಲ್.

"ನೀನು ರಿಪೇರಿ ಕೆಲಸದವನಲ್ಲವಾ? ಇದನ್ನೊಂದು ನೋಡು. ತೋಟೆ ಹಾರುವುದೇ ಇಲ್ಲ."

ಎಂಸಿಎ ಮುಗಿಸಿ ಹದಿನೈದು ವರ್ಷ ಸಾಫ್ಟ್‌ವೇರ್ ಸಪೋರ್ಟ್‌ನಲ್ಲಿ ದುಡಿದ ಮೇಲೂ ಊರಿನವರ ಪಾಲಿಗೆ ನಾನು 'ರಿಪೇರಿಯವ'. ಟಿವಿಯ ಸೆಟ್‌ಟಾಪ್ ಬಾಕ್ಸ್, ಕಾಫಿ ಪಲ್ಪರ್‌ನ ಮೋಟಾರು, ಚಿಕ್ಕಮ್ಮನ ವಾಟ್ಸಾಪ್, ಎಲ್ಲಕ್ಕೂ ನನಗೇ ಫೋನು. ಕೋವಿಯ ಸರದಿ ಬಂದದ್ದು ಅದೇ ಮೊದಲು.

ಈ ಅಂಕಣದಲ್ಲಿ ಸಾಮಾನ್ಯವಾಗಿ ಲೋಕಲ್ ರೈಲು, ಬಾಡಿಗೆ ಮನೆ, ಆಫೀಸು ಎಂದು ಬರೆಯುವ ನಾನು ಕೋವಿಯ ವಿಷಯ ಎತ್ತಿದರೆ ಕೆಲವರು ಹುಬ್ಬೇರಿಸಬಹುದು. ಆಫೀಸಿನಲ್ಲೂ ಹಾಗೆಯೇ, "ನಿಮ್ಮ ಮನೆಯಲ್ಲಿ ಗನ್ ಇದೆಯಾ?" ಎಂದು ಗಾಬರಿಯಿಂದ ಕೇಳುತ್ತಾರೆ. ಹಾಗಾಗಿ ಎರಡು ಮಾತು ಮೊದಲೇ ಹೇಳುತ್ತೇನೆ. ನಮ್ಮದು ಕೊಡಗಿನ ಜಮ್ಮ ಹಿಡುವಳಿಯ ಮನೆತನ. 1861ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಾಗ, ಆಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ವಿನಾಯಿತಿ ಕೊಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದದ್ದೂ ಅವನಿಂದಲೇ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಕೊಡವರಿಗೆ ಮತ್ತು ಜಮ್ಮ ಹಿಡುವಳಿದಾರರಿಗೆ ಲೈಸೆನ್ಸಿನ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗೆಂದು ಯಾರೂ ಕೋವಿ ಹಿಡಿದು ಕಾಡಿಗೆ ನುಗ್ಗುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಎಂಬುದು ಅಜ್ಜಂದಿರ ಕತೆಗಳಲ್ಲಿ ಮಾತ್ರ ಉಳಿದಿದೆ. ಈಗ ನಮ್ಮ ಬೇಟೆ ಕೋವಿಗೆ ವರ್ಷದಲ್ಲಿ ಒಂದೇ ದೊಡ್ಡ ದಿನ, ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್ ಮುಹೂರ್ತ. ಅಂದು ಕೋವಿ, ಕತ್ತಿಗಳನ್ನು ಒರೆಸಿ, ದೀಪದ ಮುಂದೆ ಇಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಕಡಂಬುಟ್ಟು, ಹಂದಿಕರಿ ಊಟವಾದ ಮೇಲೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಚಿಕ್ಕಪ್ಪನ ಅವಸರ ಅದಕ್ಕೇ. ಹಬ್ಬಕ್ಕೆ ಉಳಿದಿದ್ದದ್ದು ಎರಡು ವಾರ.

ರೈಫಲ್ ನಮ್ಮ ಅಜ್ಜನದ್ದು. ಸರ್ಕಾರಿ ಆರ್ಡ್‌ನೆನ್ಸ್ ಫ್ಯಾಕ್ಟರಿಯ .315 ಬೋಲ್ಟ್ ಆಕ್ಷನ್. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ತೋಟೆ ಸಾಮಾನ್ಯರ ಕೈಗೆ ಸಿಗಬಾರದೆಂದು, ಅದೇ ಲೀ-ಎನ್‌ಫೀಲ್ಡ್ ಯಂತ್ರಕ್ಕೆ ಬೇರೆ ಅಳತೆಯ ತೋಟೆ ಹಾಕಿ ಬೇಟೆಯ ರೈಫಲ್ ಮಾಡಿದರು. ಆ ವಂಶದ್ದು ಇದು. ಉತ್ತರ ಪ್ರದೇಶದ ನನ್ನ ಸಹೋದ್ಯೋಗಿಗೆ ಹೇಳಿದರೆ, "ತೀನ್ ಸೌ ಪಂದ್ರಾ! ನಮ್ಮ ತಾತನ ಹತ್ತಿರವೂ ಇದೇ" ಎಂದು ಖುಷಿಪಟ್ಟ. ಅದರ ಮೇಲೆ ಸ್ಕೋಪ್ ಕೂರಿಸಿದ್ದು ಮಾತ್ರ ಇತ್ತೀಚೆಗೆ, ಅದೂ ನನ್ನ ಒತ್ತಾಯದಿಂದ. ವಯಸ್ಸಾದ ಕಣ್ಣಿಗೆ ಹಿಂದಿನ ಗುರಿಕಂಡಿ, ಮುಂದಿನ ಗುರಿಕಡ್ಡಿ, ದೂರದ ಕಾಯಿ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಸ್ಕೋಪಿನಲ್ಲಿ ಗುರಿಯೂ ಗೆರೆಯೂ ಒಂದೇ ದೂರದಲ್ಲಿ ಇದ್ದಂತೆ ಕಾಣುತ್ತವೆ. ಚಿಕ್ಕಪ್ಪನ ಕಣ್ಣಿಗೆ ಆರಾಮವಾಗಲಿ ಎಂದು ದುಡ್ಡು ಕೊಟ್ಟವನು ನಾನೇ. ಆದ್ದರಿಂದ "ತೋಟೆ ಹಾರುವುದಿಲ್ಲ" ಎಂದಾಗ ಮೊದಲ ಅನುಮಾನ ನನ್ನ ಉಡುಗೊರೆಯ ಮೇಲೇ ಹೋಯಿತು.

ಆಫೀಸಿನಲ್ಲಿ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೂ ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಖರವಾಗಿ ಏನಾಗುತ್ತಿದೆ? "ಕೆಲಸ ಮಾಡುತ್ತಿಲ್ಲ" ಎಂಬುದು ಉತ್ತರವಲ್ಲ. ಆದರೆ ಕೋವಿಯ ವಿಷಯದಲ್ಲಿ ಆ ಪ್ರಶ್ನೆಗೂ ಮೊದಲು ಇನ್ನೊಂದು ಕೆಲಸವಿದೆ. ತಂಗಿಯನ್ನು ಫೋನಿಗೆ ಕರೆದೆ. ಅವಳು ಚಿಕ್ಕಪ್ಪನ ಮಗಳು, ಕುಶಾಲನಗರದಲ್ಲಿ ಕೆಲಸ, ವಾರಾಂತ್ಯಕ್ಕೆ ಮನೆಗೆ ಬರುತ್ತಾಳೆ. ಜೀವಂತ ತೋಟೆಗಳೆಲ್ಲ ಬೇರೆ ಕೋಣೆಯ ಬೀರುವಿನಲ್ಲಿ, ಬೀಗದ ಕೈ ಚಿಕ್ಕಮ್ಮನ ಹತ್ತಿರ. ಮ್ಯಾಗಜಿನ್ ಹೊರಗೆ. ಬೋಲ್ಟ್ ಹಿಂದಕ್ಕೆಳೆದು ಚೇಂಬರಿನೊಳಗೆ ಕಣ್ಣಿನಿಂದ ನೋಡುವುದು, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡುವುದು. ನಳಿಗೆ ಮಣ್ಣಿನ ಗೋಡೆಯ ಕಡೆಗೆ. ಇದಿಷ್ಟನ್ನು ಪ್ರತಿ ಸಲವೂ, ಚಹಾ ಕುಡಿದು ವಾಪಸ್ ಬಂದಾಗಲೂ ಮಾಡಬೇಕು. "ನಿನ್ನೆ ಖಾಲಿ ಮಾಡಿದ್ದೆ" ಎಂಬ ಮಾತು ಕೋವಿಯ ಹತ್ತಿರ ನಡೆಯುವುದಿಲ್ಲ. ಪರೀಕ್ಷೆಗೆ ಹಿಂದಿನ ವರ್ಷ ಹಾರಿಸಿ ಉಳಿದಿದ್ದ ಹತ್ತು ಖಾಲಿ ತೋಟೆಗಳು ಸಾಕು. ಗುಂಡೂ ಇಲ್ಲ, ಮದ್ದೂ ಇಲ್ಲ.

ಆಮೇಲೆ ಆ ಪ್ರಶ್ನೆ. ಬೋಲ್ಟ್ ಆಕ್ಷನ್ ರೈಫಲಿನಲ್ಲಿ ಖಾಲಿ ತೋಟೆ ಹೊರಬರುವುದು ಎರಡು ಬೇರೆ ಬೇರೆ ಕೆಲಸ. ಹೆಚ್ಚಿನವರು ಎರಡನ್ನೂ ಒಂದೇ ಎಂದುಕೊಂಡು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಒಂದು, ಚೇಂಬರಿನಿಂದ ಎಳೆದು ತೆಗೆಯುವುದು. ಬೋಲ್ಟಿನ ತಲೆಯಲ್ಲಿರುವ ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ ತೋಟೆಯ ಅಂಚನ್ನು ಕಚ್ಚಿಕೊಂಡು ಹಿಂದಕ್ಕೆ ತರುತ್ತದೆ. ಎರಡು, ಹೊರಗೆ ಎಸೆಯುವುದು. ಅದು ಇಜೆಕ್ಟರ್‌ನ ಕೆಲಸ. ತೋಟೆ ಚೇಂಬರಿನಲ್ಲೇ ಕಚ್ಚಿಕೊಂಡು ಕೂತರೆ ಕೊಕ್ಕೆ ಅಥವಾ ಚೇಂಬರ್ ನೋಡಬೇಕು. ಹಿಂದಕ್ಕೆ ಬಂದು, ಹೊರಗೆ ಹೋಗದೆ, ಯಂತ್ರದ ಮೇಲೆಯೇ ಬಿದ್ದುಕೊಂಡರೆ ಎಸೆಯುವ ಭಾಗ ನೋಡಬೇಕು.

ಚಿಕ್ಕಪ್ಪ ಒಂದು ಖಾಲಿ ತೋಟೆಯನ್ನು ಕೈಯಿಂದ ಚೇಂಬರಿಗೆ ಹಾಕಿ, ಬೋಲ್ಟ್ ಮುಚ್ಚಿ, ತೆರೆದು ಎಳೆದರು. (ಈ ಮಾದರಿಯ ಕೊಕ್ಕೆ ಅಂಚಿನ ಮೇಲೆ ತಾನಾಗಿ ಹತ್ತಿ ಕೂರುತ್ತದೆ. ಹಳೆಯ ಮೌಸರ್ ಇದ್ದವರು ಹೀಗೆ ಮಾಡಬೇಡಿ. ಅದರ ಉದ್ದನೆಯ ಕೊಕ್ಕೆಯ ಕೆಳಗೆ ತೋಟೆ ಮ್ಯಾಗಜಿನ್‌ನಿಂದಲೇ ಜಾರಿ ಬರಬೇಕು.) ತೋಟೆ ಹಿಂದಕ್ಕೆ ಬಂತು. ಓರೆಯಾಯಿತು. ಮೆಲ್ಲಗೆ ಉರುಳಿ ಬೋಲ್ಟಿನ ದಾರಿಯಲ್ಲೇ ಮಲಗಿತು. ಹತ್ತು ಸಲ ಮಾಡಿಸಿದೆ. ತಂಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹತ್ತರಲ್ಲಿ ಆರು ಸಲ ಒಳಗೇ ಉಳಿಯಿತು.

ಅಂದರೆ ಎಳೆಯುವ ಕೆಲಸ ಸರಿ ಇದೆ, ಎಸೆಯುವುದು ಸರಿ ಇಲ್ಲ. ಅರ್ಧ ಜಾಗ ಹುಡುಕುವುದು ತಪ್ಪಿತು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಿಜವಾದ ತೋಟೆ ಹಾರಿಸಿದ ಮೇಲೆ ಬೋಲ್ಟ್ ಎತ್ತುವುದೇ ಕಷ್ಟವಾದರೆ, ತೋಟೆಯ ಹಿಂದಿನ ಕ್ಯಾಪ್ ಅಪ್ಪಚ್ಚಿಯಾಗಿದ್ದರೆ ಅಥವಾ ತೋಟೆಯ ಬುಡದ ಬಳಿ ಬಿರುಕು, ಹೊಳೆಯುವ ಉಂಗುರದಂಥ ಗುರುತು ಕಂಡರೆ ಅದು ಮನೆಯಲ್ಲಿ ನೋಡುವ ತೊಂದರೆಯಲ್ಲ. ಒತ್ತಡ ಅಥವಾ ಚೇಂಬರಿನ ಅಳತೆ ಹೆಚ್ಚುಕಡಿಮೆಯಾಗಿರಬಹುದು. ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಹೋಗಬೇಕು. ಸುತ್ತಿಗೆ, ಕಬ್ಬಿಣದ ಸರಳು ಎಂದು ಹೊರಡಬಾರದು. ನಮ್ಮ ತೋಟೆಗಳಲ್ಲಿ ಅಂಥದ್ದೇನೂ ಇರಲಿಲ್ಲ.

ಮೊದಲು ಸುಲಭದ್ದು, ಕೊಳೆ. ಹಳೆಯ ಎಣ್ಣೆ, ಧೂಳು, ಮದ್ದಿನ ಮಸಿ ಮೂರೂ ಸೇರಿ ಕೊಡಗಿನ ಮಳೆಗಾಲದಲ್ಲಿ ಬೆಲ್ಲದ ಪಾಕದಂತಾಗುತ್ತದೆ. ಬೋಲ್ಟ್ ಹೊರತೆಗೆದು, ಕೊಕ್ಕೆಯ ಹಿಂದಿನ ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿಸಿದೆ. ಬೋಲ್ಟ್ ಓಡುವ ದಾರಿ ಒರೆಸಿ, ಎಣ್ಣೆಯನ್ನು ಬರೀ ಬೆರಳಿನ ಪಸೆಯಷ್ಟು ಹಚ್ಚಲು ಹೇಳಿದೆ. ಚೇಂಬರಿನೊಳಗೆ ಎಣ್ಣೆ ಉಳಿಯಬಾರದು, ಅದು ಒಣಗಿರಬೇಕು. ಮತ್ತೆ ಹತ್ತು ಸಲ. ಈ ಬಾರಿ ಐದು ಸಲ ಉಳಿಯಿತು.

ಮುಂದಿನದು ಕೊಕ್ಕೆಯ ಸ್ಪ್ರಿಂಗ್. ಲೀ-ಎನ್‌ಫೀಲ್ಡ್ ಜಾತಿಯಲ್ಲಿ ಅದು ಒಂದು ಪುಟ್ಟ ಪಟ್ಟಿ, ಉಗುರಿನಷ್ಟೂ ಅಗಲವಿಲ್ಲ. ಕೊಕ್ಕೆ ಸಡಿಲವಾದರೆ ತೋಟೆಯನ್ನು ಕೊನೆಯವರೆಗೆ ಬಿಗಿಯಾಗಿ ಹಿಡಿಯುವುದಿಲ್ಲ. ತಿರುಗಬೇಕಾದ ಹೊತ್ತಿಗೆ ಕೈಬಿಡುತ್ತದೆ. ಉಗುರಿನಿಂದ ಕೊಕ್ಕೆಯನ್ನು ಸ್ವಲ್ಪ ಎತ್ತಿ ಬಿಟ್ಟರೆ ಅದು ಟಕ್ ಎಂದು ವಾಪಸ್ ಬರಬೇಕು. ಚಿಕ್ಕಪ್ಪನದು ಬರುತ್ತಿತ್ತು, ಆದರೆ ನನಗೆ ಸಮಾಧಾನವಾಗಲಿಲ್ಲ. ಮರುದಿನ ತಂಗಿ ಬೋಲ್ಟನ್ನು ರಿಪೇರಿಯವರ ಹತ್ತಿರ ಒಯ್ದು ಹೊಸ ಸ್ಪ್ರಿಂಗ್ ಹಾಕಿಸಿದಳು. ಅವರು ಹಳೆಯದನ್ನು ನೋಡಿ, "ಇದಕ್ಕೇನೂ ಆಗಿರಲಿಲ್ಲ" ಎಂದರಂತೆ. ಮನೆಗೆ ಬಂದು ಮತ್ತೆ ಹತ್ತು ಸಲ. ಐದು.

ಈಗ ಸ್ಕೋಪ್. ಈ ರೈಫಲುಗಳನ್ನು ಮಾಡಿದವರು ಸ್ಕೋಪಿನ ಯೋಚನೆ ಮಾಡಿರಲಿಲ್ಲ. ಖಾಲಿ ತೋಟೆ ಮೇಲಕ್ಕೂ ಬಲಕ್ಕೂ ಹಾರುವಂತೆ ಯಂತ್ರದ ಮೇಲ್ಭಾಗ ಪೂರ್ತಿ ತೆರೆದಿರುತ್ತದೆ. ನಾವು ಅದರ ಮೇಲೆ ಸ್ಕೋಪ್ ಕೂರಿಸಿದರೆ ಹೆದ್ದಾರಿಯ ಮೇಲೆ ಫ್ಲೈಓವರ್ ಕಟ್ಟಿದ ಹಾಗೆ. ಅದರಲ್ಲೂ ಗುರಿಯನ್ನು ಎಡಬಲಕ್ಕೆ ಸರಿಸುವ ಗುಂಡಿ ಸ್ಕೋಪಿನ ಬಲಬದಿಯಲ್ಲಿ ಚಾಚಿಕೊಂಡಿರುತ್ತದೆ, ಸರಿಯಾಗಿ ತೋಟೆ ಹಾರುವ ದಾರಿಯಲ್ಲಿ. ಮೌಂಟ್ ತಗ್ಗಾಗಿದ್ದರೆ ತೋಟೆ ಆ ಗುಂಡಿಗೆ ತಾಗಿ ವಾಪಸ್ ಒಳಗೆ ಬೀಳುತ್ತದೆ. ಇದನ್ನು ಊಹಿಸಬೇಕಾಗಿಲ್ಲ, ಗುರುತು ಹುಡುಕಿದರೆ ಸಾಕು. ತಂಗಿ ಟಾರ್ಚ್ ಹಿಡಿದಳು. ಗುಂಡಿಯ ಕೆಳಗಡೆ ಕಪ್ಪು ಬಣ್ಣದ ಮೇಲೆ ಹಿತ್ತಾಳೆಯ ಹಳದಿ ಗೀರುಗಳು! ಎರಡು ತೋಟೆಗಳ ಬಾಯಿಯ ಹತ್ತಿರ ಸಣ್ಣ ತಗ್ಗು ಕೂಡ ಇತ್ತು.

ಪರೇಲ್‌ನಲ್ಲಿ ಕೂತು ಕೊಡಗಿನ ಕೋವಿಯ ಕಾಯಿಲೆ ಹಿಡಿದೆನೆಂದು ನಾನು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ. ಸ್ಕೋಪ್ ಬಿಚ್ಚಿಸಿದೆ. ಹತ್ತು ಸಲ. ಹೋಗಲಿ ಎಂದರೂ ಒಂದೆರಡು ಉಳಿಯಬಹುದು ಎಂದುಕೊಂಡಿದ್ದೆ. ಉಳಿದದ್ದು ನಾಲ್ಕು.

ಜಂಬ ಇಳಿಯಿತು. ಚಿಕ್ಕಪ್ಪನ ಮುಖವೂ ಸಣ್ಣದಾಯಿತು. "ಬಿಡು, ಹಳೇ ಕೋವಿ. ಈ ಸಲ ಪೂಜೆ ಮಾತ್ರ ಮಾಡುವ" ಎಂದು ಫೋನ್ ಇಟ್ಟರು.

ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಒಬ್ಬರು ಕಾಕಾ ಇದ್ದಾರೆ. ಈಗ ನನ್ನ ಆಫೀಸು ಇರುವಂಥದ್ದೇ ಒಂದು ಮಿಲ್ ಕಾಂಪೌಂಡಿನಲ್ಲಿ, ಅಲ್ಲಿ ಇನ್ನೂ ಮಗ್ಗಗಳು ಓಡುತ್ತಿದ್ದಾಗ, ಅವರು ನೇಯ್ಗೆ ಖಾತೆಯಲ್ಲಿದ್ದರು. 1982ರ ಮುಷ್ಕರದಲ್ಲಿ ಕೆಲಸ ಹೋಯಿತು. ಕೋವಿಯನ್ನು ಅವರು ಪೊಲೀಸರ ಹೆಗಲ ಮೇಲೆ ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ. ಆದರೆ ಸಂಜೆ ಮೆಟ್ಟಿಲ ಮೇಲೆ ಸಿಕ್ಕಾಗ ನಾನು ಕತೆಯೆಲ್ಲ ಹೇಳಿದರೆ, ಕಬ್ಬಿಣದ ವಿಷಯ ಎಂಬ ಕಾರಣಕ್ಕೇ ಕಿವಿಗೊಟ್ಟು ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಸಾಮಾನೆಲ್ಲ ಬದಲಿಸಿದೆ. ಕೈ ಬದಲಿಸಿದೆಯಾ?"

ಮಿಲ್ಲಿನಲ್ಲಿ ಒಂದು ಮಗ್ಗದ ಮೇಲೆ ನೂಲು ಮತ್ತೆ ಮತ್ತೆ ಕಡಿಯುತ್ತಿದ್ದರೆ, ಅವರ ಜಾಬರ್ ಮಗ್ಗ ಬಿಚ್ಚುವುದಕ್ಕೆ ಮೊದಲು ಒಂದು ಪಾಳಿಗೆ ನೇಕಾರನನ್ನು ಬದಲಿಸಿ ನೋಡುತ್ತಿದ್ದನಂತೆ. ಮಗ್ಗ ಬಿಚ್ಚಿದರೆ ಇಡೀ ದಿನ ಹೋಗುತ್ತದೆ, ಮನುಷ್ಯನನ್ನು ಬದಲಿಸುವುದಕ್ಕೆ ಖರ್ಚಿಲ್ಲ.

ನನಗೆ ನಾಚಿಕೆಯಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ಹೊಸ ಹುಡುಗರಿಗೆ ಪಾಠ ಹೇಳುವವನು ನಾನು. ನಲವತ್ತು ಸಲ ಪರೀಕ್ಷೆ ಮಾಡಿಸಿದ್ದೆ, ಬೋಲ್ಟ್ ಎಳೆದವರು ಪ್ರತಿ ಸಲವೂ ಚಿಕ್ಕಪ್ಪ. ಅವರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೂವತ್ತು ವರ್ಷದಿಂದ ಅದೇ ರೈಫಲನ್ನು ಬಳಸಿದ, ಊರಿನ ಪಂದ್ಯದಲ್ಲಿ ಎಷ್ಟೋ ಕಾಯಿ ಒಡೆದ ಮನುಷ್ಯ ಅವರು. ಕೋವಿಯ ಮೇಲೆ ಅನುಮಾನ ಬಂದೀತು, ಅವರ ಕೈ ಮೇಲೆ ಹೇಗೆ ಬರಬೇಕು?

ಇದರ ಹಿಂದಿನ ಯಂತ್ರದ ಲೆಕ್ಕ ಹೀಗಿದೆ. ಈಗಿನ ಎಷ್ಟೋ ರೈಫಲುಗಳಲ್ಲಿ ಬೋಲ್ಟಿನ ಮುಖದೊಳಗೇ ಸ್ಪ್ರಿಂಗ್ ಇರುವ ಒಂದು ಕಡ್ಡಿ ಇರುತ್ತದೆ. ತೋಟೆಯ ಬಾಯಿ ಚೇಂಬರಿನಿಂದ ಆಚೆ ಬಂದ ತಕ್ಷಣ ಅದು ತಾನೇ ದೂಡುತ್ತದೆ. ನೀವು ಮೆಲ್ಲಗೆ ಎಳೆಯಿರಿ, ಜೋರಾಗಿ ಎಳೆಯಿರಿ, ತೋಟೆ ಹಾರುತ್ತದೆ. ನಮ್ಮ ಹಳೆಯ ಮಾದರಿಯಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಹಿಂದಕ್ಕೆ ಬರುವ ತೋಟೆಯ ಎಡಬದಿ ಯಂತ್ರದ ಎಡಗೋಡೆಗೂ ಅಲ್ಲಿರುವ ಪುಟ್ಟ ಸ್ಕ್ರೂವಿಗೂ ತಾಗುತ್ತದೆ, ಬಲಬದಿ ಕೊಕ್ಕೆಯ ಹಿಡಿತದಲ್ಲಿರುತ್ತದೆ. ಆದ್ದರಿಂದ ಬಲಕ್ಕೆ ತಿರುಗಿ ಹೊರಗೆ ಬೀಳುತ್ತದೆ. ತಾಗುವ ಜಾಗ ಕೋವಿಯದ್ದು, ಆದರೆ ತಾಗುವ ವೇಗ ಪೂರ್ತಿ ಕೈಯದ್ದು. ಬೋಲ್ಟನ್ನು ಚುರುಕಾಗಿ ಕೊನೆಯವರೆಗೂ ಎಳೆದರೆ ತೋಟೆ ಮಾರು ದೂರ ಹೋಗಿ ಬೀಳುತ್ತದೆ. ನಿಧಾನವಾಗಿ ಎಳೆದರೆ ಅಲ್ಲೇ ಉರುಳುತ್ತದೆ. ಹಿತ್ತಾಳೆ ಹುಡುಕುವ ಕಷ್ಟ ಬೇಡವೆಂದು ಬೇಕೆಂತಲೇ ಮೆಲ್ಲಗೆ ಎಳೆಯುವವರೂ ಇದ್ದಾರೆ.

ಮುಂದಿನ ಶನಿವಾರ ತಂಗಿಗೆ ಹೇಳಿದೆ. ಚಿಕ್ಕಪ್ಪ ತೋಟಕ್ಕೆ ಹೋಗಿದ್ದ ಹೊತ್ತು ನೋಡಿಕೊಂಡೇ ಕಾಲ್ ಮಾಡಿದ್ದೆ. ಅವಳು ಎಲ್ಲವನ್ನೂ ಖಾಲಿ ಇದೆಯೇ ಎಂದು ನೋಡಿ, ಮುಟ್ಟಿ, ಸ್ಕೋಪ್ ಇಲ್ಲದ ರೈಫಲಿನಲ್ಲಿ ಹತ್ತು ಸಲ ಬೋಲ್ಟ್ ಎಳೆದಳು. ಹತ್ತೂ ತೋಟೆಗಳು ಹಾರಿ ನೆಲದ ಮೇಲೆ ಠಣ್ ಠಣ್ ಎಂದವು. ಒಂದು ಬೆಕ್ಕಿನ ಹತ್ತಿರ ಬಿದ್ದು ಅದು ಓಡಿಹೋಯಿತು. ಸ್ಕೋಪ್ ಮತ್ತೆ ಕೂರಿಸಿ ಎಳೆಸಿದೆ. ಎಂಟು ಹಾರಿದವು, ಎರಡು ಗುಂಡಿಗೆ ತಾಗಿ ಒಳಗೆ ಬಿದ್ದವು.

ಹಾಗಾಗಿ ತೊಂದರೆ ಎರಡಿತ್ತು. ಸಣ್ಣದು ಸ್ಕೋಪಿನದ್ದು, ದೊಡ್ಡದು ಬೇರೆ.

"ಅಣ್ಣ, ಅಪ್ಪನಿಗೆ ಹೇಳುವುದು ಹೇಗೆ?" ಎಂದಳು ತಂಗಿ. ಹಿಂದಿನ ವಾರಗಳ ವಿಡಿಯೊ ಕಾಲಿನ ತುಣುಕುಗಳನ್ನು ಅವಳು ಇಟ್ಟುಕೊಂಡಿದ್ದಳು. ನಾನು ರಾತ್ರಿ ಕೂತು ನೋಡಿದೆ. ಮೊದಲೆಲ್ಲ ನನ್ನ ಕಣ್ಣು ತೋಟೆಯ ಮೇಲಿತ್ತು. ಈಗ ಕೈ ನೋಡಿದೆ. ಮೊದಲ ಎರಡು ಮೂರು ಸಲ ಬೋಲ್ಟ್ ಪೂರ್ತಿ ಹಿಂದಕ್ಕೆ ಬರುತ್ತದೆ. ಆಮೇಲೆ ಪ್ರತಿ ಸಲವೂ ಸ್ವಲ್ಪ ಕಡಿಮೆ, ಸ್ವಲ್ಪ ನಿಧಾನ. ಎಂಟನೆಯ ಸಲಕ್ಕೆ ಮುಕ್ಕಾಲು ದಾರಿಯಲ್ಲೇ ನಿಂತಿದೆ. ಅವರಿಗೆ ಪೂರ್ತಿ ಎಳೆದೆ ಎಂದೇ ಅನ್ನಿಸಿದೆ. ಕೈ ನಡುಗುತ್ತಿರಲಿಲ್ಲ, ನೋವೂ ಇದ್ದಂತೆ ಕಾಣಲಿಲ್ಲ. ಬರೀ ಕೈಯ ಓಟ ಸಣ್ಣದಾಗುತ್ತಿತ್ತು.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಂಗಿಯ ಗುಂಡಿ ಹಾಕಲು ಈಗ ತುಂಬ ಹೊತ್ತು ಬೇಕು. ವಯಸ್ಸಾಯಿತಲ್ಲ ಎಂದುಕೊಂಡೆ. ಕಾಫಿ ಹುರಿದರೆ ಪರಿಮಳವೇ ಇಲ್ಲ ಅನ್ನುತ್ತಾರೆ. ಬೀಜ ಸರಿ ಇಲ್ಲ ಎಂದು ಜಗಳವಾಡುತ್ತಾರೆ." ತಂಗಿ ಆಳುಗಳ ಲೆಕ್ಕದ ಪುಸ್ತಕ ತೆರೆದು ಫೋಟೊ ಕಳಿಸಿದಳು. ಮೂರು ವರ್ಷದ ಹಿಂದಿನ ಅಕ್ಷರ ಗುಂಡಗೆ ದೊಡ್ಡದಾಗಿತ್ತು. ಈಗಿನದು ಸಾಲಿನ ಕೊನೆಗೆ ಹೋಗುತ್ತಾ ಇರುವೆಯಷ್ಟಾಗಿತ್ತು.

ನಾನು ಡಾಕ್ಟರಲ್ಲ, ಹೆಸರು ಹೇಳುವ ಕೆಲಸ ನನ್ನದಲ್ಲ. ಡಾಕ್ಟರಿಗೆ ತೋರಿಸುವವರೆಗೆ ಕೋವಿ ಎತ್ತುವುದು ಬೇಡ ಎಂದು ಮಾತ್ರ ಹೇಳಬೇಕಿತ್ತು. ಅದು ಇಡೀ ರಿಪೇರಿಯಲ್ಲಿ ಕಷ್ಟದ ಭಾಗ. ಅರ್ಧ ಎಳೆದ ಬೋಲ್ಟ್ ಎಂದರೆ ತೋಟೆ ಸಿಕ್ಕಿಕೊಳ್ಳುವುದು ಮಾತ್ರವಲ್ಲ. ಪಂದ್ಯದ ಮೈದಾನದಲ್ಲಿ, ಸುತ್ತ ಜನರಿರುವಾಗ, ಸಿಕ್ಕಿಕೊಂಡದ್ದನ್ನು ಬಿಡಿಸಲು ಬಗ್ಗಿದ ಮನುಷ್ಯನ ನಳಿಗೆ ಯಾವ ಕಡೆ ತಿರುಗುತ್ತದೆ ಎಂದು ಯಾರಿಗೆ ಗೊತ್ತು? ಆದರೆ ನಮ್ಮ ಕಡೆ ಯಜಮಾನನ ಕೈಯಿಂದ ಕೋವಿ ತೆಗೆದುಕೊಳ್ಳುವುದು ಎಂದರೆ ಏನೆಂದು ಕೊಡಗಿನವರಿಗೆ ಗೊತ್ತು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಗುಂಡು ಹಾರಿಸಿ ತಿಳಿಸುತ್ತಿದ್ದರು, ಸತ್ತರೂ ಗುಂಡು ಹಾರಿಸಿ ತಿಳಿಸುತ್ತಿದ್ದರು.

ಹಬ್ಬಕ್ಕೆ ಎರಡು ದಿನ ಮೊದಲು ರಜೆ ಹಾಕಿ ಊರಿಗೆ ಹೋದೆ. ಸುತ್ತು ಬಳಸಿ ಮಾತಾಡಬೇಕೆಂದಿದ್ದೆ, ಆಗಲಿಲ್ಲ. ಜಗಲಿಯಲ್ಲಿ ಕೂತು ತಂಗಿಯ ನೋಟ್‌ಬುಕ್ಕನ್ನೇ ಅವರ ಮುಂದಿಟ್ಟೆ. ಆರು, ಐದು, ಐದು, ನಾಲ್ಕು. ಕೆಳಗೆ ಅವಳ ಕೈಬರಹದಲ್ಲಿ 'ನಾನು' ಎಂದು ಬರೆದು ಸೊನ್ನೆ, ಎರಡು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಹಾಗಾದರೆ ಕೋವಿಗೆ ಏನೂ ಆಗಿಲ್ಲ" ಎಂದರು.

"ಸ್ಕೋಪ್ ಸ್ವಲ್ಪ ಎತ್ತರಿಸಬೇಕು, ಅಷ್ಟೇ."

"ಅದು ಒಳ್ಳೆಯದಾಯಿತು" ಎಂದರು. ಆಮೇಲೆ ತಮ್ಮ ಬಲಗೈಯನ್ನು ತಾವೇ ತಿರುಗಿಸಿ ನೋಡಿಕೊಂಡರು. "ನನಗೆ ಗೊತ್ತಿತ್ತು ಮಾರಾಯ. ಗುರಗಿ ತೆಗೆಯುವಾಗ ಕತ್ತಿ ಕೈಯಲ್ಲಿ ನಿಲ್ಲುವುದಿಲ್ಲ. ಕೋವಿ ಎಂದರೆ ನೀನು ಫೋನ್ ಇಡುವುದಿಲ್ಲ ಅಂತ..."

ಮಾತು ಅಲ್ಲಿಗೇ ಬಿಟ್ಟರು. ನಾನೂ ಕೆದಕಲಿಲ್ಲ.

ಆ ವರ್ಷದ ಕೈಲ್ ಮುಹೂರ್ತಕ್ಕೆ ಪೂಜೆ ಮಾಡಿದವರು ಚಿಕ್ಕಪ್ಪನೇ. ನಳಿಗೆಗೆ ಹೂ ಸಿಕ್ಕಿಸಿದವರೂ ಅವರೇ. ಮೈದಾನಕ್ಕೆ ರೈಫಲ್ ಹೊತ್ತು ನಡೆದವಳು ತಂಗಿ. ಸ್ಕೋಪ್ ಇಲ್ಲದೆ ಹೊಡೆದಳು. ಮೊದಲನೆಯದು ತಪ್ಪಿತು, ಎರಡನೆಯದೂ ತಪ್ಪಿತು. ಬೋಲ್ಟ್ ಎಳೆದಾಗ ಎರಡು ಸಲವೂ ತೋಟೆ ಚೆನ್ನಾಗಿ ಹಾರಿತು. ಹಿಂದೆ ನಿಂತಿದ್ದ ಚಿಕ್ಕಪ್ಪ ಕಾಯಿಯ ಕಡೆ ನೋಡುತ್ತಲೇ ಇರಲಿಲ್ಲ, ತೋಟೆ ಎಲ್ಲಿ ಬಿತ್ತೆಂದು ನೋಡುತ್ತಿದ್ದರು.

ಹಬ್ಬ ಮುಗಿದ ಮೇಲೆ ಮೈಸೂರಿನಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದೆವು, ನವೆಂಬರಿನಲ್ಲಿ ಇಲ್ಲಿಗೂ ಕರೆಸಿಕೊಂಡೆ. ಪರೇಲ್‌ನಲ್ಲಿ ಇರುವವರಿಗೆ ಆಸ್ಪತ್ರೆಗೆ ಬರುವ ನೆಂಟರು ಹೊಸದಲ್ಲ. ನಮ್ಮ ಹಾಲ್‌ನ ದಿವಾನದ ಮೇಲೆ ಕರ್ನಾಟಕದ ಎಷ್ಟೋ ಜಿಲ್ಲೆಗಳು ಮಲಗಿವೆ. ಎರಡೂ ಕಡೆ ಹೇಳಿದ್ದು ಒಂದೇ: ಪಾರ್ಕಿನ್ಸನ್ಸ್, ಆರಂಭದ ಹಂತ. ಡಾಕ್ಟರು ಮಾಡಿಸಿದ ಪರೀಕ್ಷೆಯೊಂದನ್ನು ನೋಡಿ ನಾನು ದಂಗಾದೆ. ಹೆಬ್ಬೆರಳಿಗೆ ತೋರುಬೆರಳನ್ನು ಅಗಲವಾಗಿ, ಬೇಗ ಬೇಗ ತಟ್ಟುತ್ತಿರಲು ಹೇಳಿದರು. ಮೊದಲು ಅಗಲವಾಗಿದ್ದ ಬೆರಳು ಬರಬರುತ್ತಾ ಸಣ್ಣಗೆ, ನಿಧಾನವಾಗಿ ಆಡತೊಡಗಿತು. ಬೋಲ್ಟ್ ಎಳೆಯುವಾಗ ಕಂಡದ್ದೂ ಅದೇ. ನಡುಕವಿಲ್ಲದೆಯೂ ಈ ಕಾಯಿಲೆ ಶುರುವಾಗಬಹುದು, ಸಾಮಾನ್ಯವಾಗಿ ಒಂದು ಬದಿಯಿಂದ ಶುರುವಾಗುತ್ತದೆ, ವಾಸನೆ ತಿಳಿಯದಿರುವುದು, ಅಕ್ಷರ ಸಣ್ಣದಾಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು ಇವೆಲ್ಲ ಅದರ ಮುನ್ಸೂಚನೆಗಳಾಗಿರಬಹುದು ಎಂದು ಅವರು ವಿವರಿಸಿದರು. ಗುಣವಾಗುವ ಕಾಯಿಲೆಯಲ್ಲ, ಆದರೆ ಮಾತ್ರೆ ಇದೆ, ವ್ಯಾಯಾಮವಿದೆ. ಮಾತ್ರೆ ಶುರುವಾದ ಮೇಲೆ ಅಂಗಿಯ ಗುಂಡಿ ಬೇಗ ಹಾಕುತ್ತಾರಂತೆ. ಇಲ್ಲಿದ್ದಷ್ಟು ದಿನ ಸಂಜೆ ಕೆಳಮಹಡಿಯ ಕಾಕಾ ಜೊತೆ ವಾಕಿಂಗ್ ಹೋಗುತ್ತಿದ್ದರು. ಒಬ್ಬರಿಗೆ ಮರಾಠಿ ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು. ಮಗ್ಗ, ಕೋವಿ ಎಂದು ಏನೇನೋ ಕೈಸನ್ನೆಯಲ್ಲಿ ಮಾತಾಡಿಕೊಂಡು ಬರುತ್ತಿದ್ದರು.

ಸ್ಕೋಪಿನ ವಿಷಯ ಕೇಳುವವರಿಗೆ: ರಿಪೇರಿಯವರು ಮೌಂಟನ್ನು ಎತ್ತರದ್ದಕ್ಕೆ ಬದಲಿಸಿದರು. ಎತ್ತರಿಸಿದರೆ ಕೆನ್ನೆಗೆ ಆಸರೆ ತಪ್ಪುತ್ತದೆ, ಹಾಗಾಗಿ ಹಿಡಿಯ ಮೇಲೆ ಚರ್ಮದ ಮೆತ್ತೆ ಕಟ್ಟಿಸಿದೆವು. ಸ್ಕೋಪ್ ಬಿಚ್ಚಿ ಕೂರಿಸಿದ ಮೇಲೆ ಗುರಿ ಹೊಸದಾಗಿ ಹೊಂದಿಸಲೇಬೇಕು, ಹಳೆಯ ಹೊಂದಿಕೆಯನ್ನು ನಂಬಬಾರದು. ಈಗ ತಂಗಿಯ ಕೈಯಲ್ಲಿ ಹತ್ತಕ್ಕೆ ಹತ್ತೂ ಹಾರುತ್ತವೆ.

ಊರು ಬಿಟ್ಟು ಬಂದ ನಾವು ವಾರಕ್ಕೊಮ್ಮೆ ಮನೆಗೆ ಫೋನ್ ಮಾಡಿ ಕೇಳುವುದೆಲ್ಲ ಸಾಮಾನಿನ ವಿಷಯವೇ. ಇನ್ವರ್ಟರ್ ಸರಿಯಾಯಿತಾ, ಪಂಪು ಓಡುತ್ತಿದೆಯಾ, ಫೋನ್ ಯಾಕೆ ಹ್ಯಾಂಗ್ ಆಗುತ್ತಿದೆ. ಹಿರಿಯರು ಹೇಳುವುದೂ ಸಾಮಾನಿನ ವಿಷಯವೇ, ತಮ್ಮದೇನಾದರೂ ಇದ್ದರೆ ಅದರ ಹಿಂದೆ ಇಟ್ಟು ಹೇಳುತ್ತಾರೆ. "ಈ ರಿಮೋಟು ಒತ್ತಿದರೆ ಕೆಲಸ ಮಾಡುವುದಿಲ್ಲ" ಎಂದು ಅಪ್ಪನೋ ಅಮ್ಮನೋ ಹೇಳಿದರೆ, ಹೊಸ ರಿಮೋಟ್ ಆರ್ಡರ್ ಮಾಡುವ ಮೊದಲು ವಿಡಿಯೊ ಕಾಲ್ ಮಾಡಿ, ಒತ್ತುವ ಬೆರಳನ್ನು ಒಮ್ಮೆ ನೋಡಿ.

ಈ ವರ್ಷವೂ ಹಬ್ಬಕ್ಕೆ ಹೋಗುತ್ತಿದ್ದೇನೆ, ಟಿಕೆಟ್ ಆಗಿದೆ. ನಿನ್ನೆ ಚಿಕ್ಕಪ್ಪನ ಕಾಲ್ ಬಂದಿತ್ತು. ಕಾಫಿ ಪಲ್ಪರ್ ಸದ್ದು ಮಾಡುತ್ತಿದೆಯಂತೆ. "ಮೊದಲು ನಿಮ್ಮ ಕೈ ತೋರಿಸಿ" ಎಂದೆ. ನಗುತ್ತಾ ತೋರಿಸಿದರು. ಆಮೇಲೆ ಪಲ್ಪರ್ ನೋಡಿದೆವು. ಅದಕ್ಕೆ ನಿಜವಾಗಿಯೂ ಬೇರಿಂಗ್ ಹೋಗಿತ್ತು.